ಅಕ್ಕೋರು ಮನೆ ಕೊಡುವ ರೀತಿ

ಅಕ್ಕೋರು ತೀರಿಕೊಂಡ ದಿನದಿಂದ ನಮ್ಮ ಬಡಾವಣೆಯಲ್ಲಿ ಯಾರ ಬಾಯಲ್ಲಿ ಕೇಳಿದರೂ ಒಂದೇ ಮಾತು. ದೇವರಂಥ ಹೆಣ್ಣುಮಗಳು, ಯಾರಿಗೂ ಒಂದು ಬಿರುಸು ಮಾತು ಆಡಿದವರಲ್ಲ. ಹಾಲು ಹಾಕುವವನೂ ಹಾಗೇ ಅಂದ, ಎದುರು ಮನೆಯ ನಿವೃತ್ತ ಇಂಜಿನಿಯರೂ ಹಾಗೇ ಅಂದರು. ನಾನು ತಲೆಯಾಡಿಸಿದೆ. ಬಿರುಸು ಮಾತು ಆಡಿದವರಲ್ಲ ಎಂಬುದು ನಿಜವೇ. ಆದರೆ ಅವರ ಮಹಡಿ ಮೇಲೆ ಬಾಡಿಗೆಗಿದ್ದ ಈ ನಾಲ್ಕು ವರ್ಷಗಳಲ್ಲಿ ನಾನು ಕಂಡ ಹೇಸಿಗೆಯೆಲ್ಲ ಆ ಮೆತ್ತನೆಯ ಮಾತಿನೊಳಗೇ ಇತ್ತು. ಸತ್ತವರ ಬಗ್ಗೆ ಹೀಗೆ ಬರೆಯಬಾರದು ಅನ್ನುವವರು ಅನ್ನಲಿ. ಇದರಲ್ಲಿ ನನ್ನ ಪಾಲೂ ಇದೆ, ಅದನ್ನೂ ಮುಚ್ಚಿಡುವುದಿಲ್ಲ.

ಕಲಬುರಗಿ ಬಿಟ್ಟು ಜೇವರ್ಗಿ ಕಡೆ ಹೊರಟರೆ, ಊರು ಮುಗಿಯಿತು ಅನ್ನುವ ಹೊತ್ತಿಗೆ ಎಡಗಡೆ ಒಂದು ದೊಡ್ಡ ಕಮಾನು ಕಾಣುತ್ತದೆ. ಅದೇ ನಮ್ಮ ಬಡಾವಣೆ. ಹಿಂದೆ ಅದು ತೊಗರಿ ಹೊಲ. ಈಗ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಉಳ್ಳವರು ಊರಲ್ಲಿ ಜಮೀನು ಇಟ್ಟುಕೊಂಡು ಇಲ್ಲಿ ಮನೆ ಕಟ್ಟಿಸಿದ್ದಾರೆ. ಮೆಟ್ಟಿಲಿಗೆಲ್ಲ ಗ್ರಾನೈಟು, ಗೇಟಿನ ಮೇಲೆ ಸಿಂಹದ ಮುಖ, ಗೇಟಿನ ಒಳಗೆ ಬೊಗಳುವ ಜಾತಿನಾಯಿ. ಕೆಳಗೆ ತಾವಿದ್ದು, ಮೇಲೆ ಒಂದೊಂದು ಬೆಡ್‌ರೂಮಿನ ಚಿಕ್ಕ ಚಿಕ್ಕ ಮನೆ ಕಟ್ಟಿಸಿ ಬಾಡಿಗೆಗೆ ಬಿಡುವುದು ಇಲ್ಲಿಯ ರೂಢಿ. ಒಳ್ಳೆ ಶಾಲೆ, ದೊಡ್ಡ ಆಸ್ಪತ್ರೆ, ಇಪ್ಪತ್ತನಾಲ್ಕು ತಾಸು ನೀರು ಎಲ್ಲ ಇಲ್ಲೇ ಇರುವುದರಿಂದ ಬಾಡಿಗೆ ಬಾಯಿಗೆ ಬಂದಷ್ಟು.

ನಾನು ಒಂದು ಸಹಕಾರಿ ಬ್ಯಾಂಕಿನಲ್ಲಿ ಗುಮಾಸ್ತೆ. ಆಳಂದದ ಶಾಖೆಯಿಂದ ಈ ಬಡಾವಣೆಯ ಶಾಖೆಗೆ ವರ್ಗವಾಗಿ ಬಂದಾಗ ಮನೆಗಾಗಿ ಏಳು ಗೇಟುಗಳ ಮುಂದೆ ನಿಂತೆ. ಮದುವೆಯಾಗದ ನಲವತ್ತರ ಹೆಂಗಸಿಗೆ ಮನೆ ಕೊಡುವುದೆಂದರೆ ಜನರಿಗೆ ಏನೇನೋ ಅನುಮಾನ. ಒಬ್ಬರು ಗಂಡ ಎಲ್ಲಿ ಅಂದರು. ಒಬ್ಬರು ಅಣ್ಣನನ್ನು ಕರೆದುಕೊಂಡು ಬಾ, ಅವನ ಹತ್ತಿರ ಮಾತಾಡುತ್ತೇನೆ ಅಂದರು. ಇನ್ನೊಬ್ಬರು ಗೇಟು ತೆಗೆಯದೆ ನಾಯಿಯ ಮೇಲಿಂದಲೇ ಮಾತಾಡಿ ಕಳಿಸಿದರು. ಎಂಟನೆಯದು ಅಕ್ಕೋರ ಮನೆ. ಜೇವರ್ಗಿಯಲ್ಲಿ ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು, ಎಪ್ಪತ್ತು ದಾಟಿದ್ದರು. ನಮ್ಮ ಕಡೆ ಶಿಕ್ಷಕಿಯರನ್ನು ಅಕ್ಕೋರು ಅನ್ನುತ್ತಾರೆ. ನಿವೃತ್ತಿಯ ನಂತರವೂ ಇಡೀ ಬಡಾವಣೆಗೆ ಅವರು ಅಕ್ಕೋರೇ. ಬೆಳ್ಳನೆ ಕೂದಲು, ಇಳಕಲ್ಲ ಸೀರೆ, ಎದೆಯ ಮೇಲೆ ಸರಕ್ಕೆ ನೇತುಬಿದ್ದ ಕನ್ನಡಕ. ಗೇಟಿಗೆ ತಾವೇ ಬಂದು ಕೈಹಿಡಿದು ಒಳಗೆ ಕರೆದೊಯ್ದರು. ಕುಡಿಯಲು ತಣ್ಣನೆಯ ಮಜ್ಜಿಗೆ ಕೊಟ್ಟರು.

"ಯಾವೂರವ್ವ ನಿಂದು?"

"ನರೋಣಾ ರೀ. ಆಳಂದ ತಾಲ್ಲೂಕು."

"ಅಪ್ಪ ಅವ್ವ ಅದಾರ?"

"ಅವ್ವ ಅಣ್ಣನ ಬಲ್ಲಿ ಅದಾಳ್ರಿ. ಅಪ್ಪ ಹೋಗಿ ಎರಡು ವರ್ಷ ಆತು."

"ಅಯ್ಯ ಶಿವನೇ." ಅಕ್ಕೋರು ನನ್ನ ಕೈ ಹಿಡಿದುಕೊಂಡರು. "ಎಲ್ಲಿ ಇಟ್ಟೀರವ್ವ ಅಪ್ಪಗ? ಹೊಲದಾಗೇನು?"

"ಹೌದ್ರಿ, ನಮ್ಮ ಹೊಲದಾಗ."

"ಕುಂದರಿಸಿ ಇಟ್ಟೀರಲ್ಲ?"

"ಹೌದ್ರಿ. ಸ್ವಾಮೇರು ಬಂದು ಎಲ್ಲಾ ಬರಾಬರಿ ಮಾಡಿದ್ರು."

"ಛಲೋ ಆತು ಬಿಡವ್ವ. ಜೀವಕ್ಕ ಸಮಾಧಾನ." ಅಷ್ಟು ಹೇಳಿ ಬೀಗದ ಕೈ ನನ್ನ ಅಂಗೈಯಲ್ಲಿಟ್ಟರು. "ಮನಿ ನಿಂದೇ ಅಂತ ತಿಳ್ಕೊ ತಂಗಿ."

ನನಗೆ ಅಳು ಬಂತು. ಏಳು ಮನೆಯವರು ಗಂಡನನ್ನು ಕೇಳಿದ್ದರು, ಇವರೊಬ್ಬರು ಸತ್ತ ಅಪ್ಪನನ್ನು ಕೇಳಿದರು ಅಂದುಕೊಂಡೆ. ಅವರು ಕೇಳಿದ್ದು ಏನನ್ನು ಎಂದು ತಿಳಿಯಲು ನನಗೆ ಒಂದು ವರ್ಷ ಬೇಕಾಯಿತು. ನಾವು ಲಿಂಗಾಯತರು, ಹೆಣವನ್ನು ಕುಳ್ಳಿರಿಸಿ ಮಣ್ಣು ಮಾಡುತ್ತೇವೆ. ಕುಳ್ಳಿರಿಸಿದ್ದು ಗೊತ್ತಾದರೆ ಜಾತಿ ಗೊತ್ತಾಯಿತು, ಹೊಲದಲ್ಲಿ ಅಂದರೆ ಆಸ್ತಿ ಗೊತ್ತಾಯಿತು. ಜಾತಿ ಯಾವುದೆಂದು ಕೇಳುವುದು ಸಂಸ್ಕಾರವಲ್ಲ ಎಂದು ಅಕ್ಕೋರು ತಿಳಿದಿದ್ದರು. ಅದಕ್ಕೇ ಅವರು ಮನೆ ಕೇಳಿ ಬಂದವರ ಹೆಣ ಕೇಳುತ್ತಿದ್ದರು.

ಆ ಮನೆಯ ವೈಭವವನ್ನೂ ಹೇಳಬೇಕು. ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲು ತೆಗೆಯಬೇಕಾದರೆ ಅಡುಗೆಮನೆಯ ಬಾಗಿಲು ಹಾಕಬೇಕು. ಬೆಡ್‌ರೂಮಿನಲ್ಲಿ ಮಂಚ ಹಾಕಿದ ಮೇಲೆ ಬೀರು ಹಾಲಿಗೆ ಬಂತು, ಬೀರು ಹಾಲಿಗೆ ಬಂದ ಮೇಲೆ ಬಂದವರು ಮಂಚದ ಮೇಲೆ ಕೂರಬೇಕಾಯಿತು. ಬಾಲ್ಕನಿ ಎಂದು ತೋರಿಸಿದ ಜಾಗದಲ್ಲಿ ಒಂದು ತುಳಸಿ ಕುಂಡವಿಟ್ಟರೆ ಕಾಲಿಡಲು ಆಗುತ್ತಿರಲಿಲ್ಲ. ಇಷ್ಟಕ್ಕೆ ನನ್ನ ಸಂಬಳದಲ್ಲಿ ಅರ್ಧ ಹೋಗುತ್ತಿತ್ತು. ಆದರೂ ಮುಂಜಾನೆ ನಲ್ಲಿ ತಿರುಗಿಸಿದರೆ ನೀರು, ಐದು ನಿಮಿಷ ನಡೆದರೆ ಬ್ಯಾಂಕು, ಕೆಳಗೆ ಅಕ್ಕೋರು. ನಾನು ಬಹಳ ದಿನ ಈ ಊರಿನಲ್ಲಿ ನನ್ನಷ್ಟು ಅದೃಷ್ಟವಂತೆ ಯಾರೂ ಇಲ್ಲ ಎಂದೇ ತಿಳಿದಿದ್ದೆ.

ಒಳ್ಳೆಯವರೂ ಹೌದು, ಸುಳ್ಳು ಯಾಕೆ ಹೇಳಲಿ. ಒಮ್ಮೆ ನನಗೆ ಟೈಫಾಯ್ಡ್ ಆಗಿ ಮಲಗಿದಾಗ ಒಂಬತ್ತು ದಿನ ಎರಡೂ ಹೊತ್ತು ಜೋಳದ ನುಚ್ಚು ಮಾಡಿ, ಆ ಮೊಣಕಾಲು ನೋವಿನಲ್ಲಿ ಮೆಟ್ಟಿಲು ಹತ್ತಿ ಬಂದರು. ಹಣೆಗೆ ಒದ್ದೆ ಬಟ್ಟೆ ಇಟ್ಟು ಕುಳಿತರು. ಹಳೆಯ ವಿದ್ಯಾರ್ಥಿನಿಯರು ಬಂದರೆ ಅವರ ಮಕ್ಕಳ ಹೆಸರೂ ಇವರಿಗೆ ನೆನಪಿರುತ್ತಿತ್ತು. ಬೀದಿನಾಯಿಗಳಿಗೂ ದಿನಾ ಎರಡು ರೊಟ್ಟಿ ಹಾಕುತ್ತಿದ್ದರು. ಇದನ್ನೆಲ್ಲ ಕಂಡವರು ದೇವರಂಥವರು ಅನ್ನದೆ ಇನ್ನೇನು ಅಂದಾರು? ಬರಿಯ ಕೆಟ್ಟವರಾಗಿದ್ದರೆ ನನಗೆ ಇಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಅವರಿಗೊಂದು ಅಭ್ಯಾಸವಿತ್ತು. ಸುಳ್ಳು ಹೇಳುವಾಗ ಎದುರಿಗಿದ್ದವರ ಹೆಗಲ ಮೇಲಿಂದ ಇಲ್ಲದ ನೂಲನ್ನು ತೆಗೆಯುತ್ತಿದ್ದರು. ಎರಡು ಬೆರಳಲ್ಲಿ ಮೆಲ್ಲಗೆ ಎತ್ತಿ, ಊದಿ, ಗಾಳಿಗೆ ಬಿಡುತ್ತಿದ್ದರು. ತಾಯಿ ಮಗಳಿಗೆ ಮಾಡಿದ ಹಾಗೆ ಕಾಣುತ್ತಿತ್ತು. ಜೊತೆಗೆ ಒಂದು ಮಾತು: "ನನ್ನ ಮನಸ್ಸಿನಾಗ ಏನೂ ಇಲ್ಲವ್ವ, ಮಂದಿ ಅಂತಾರ." ಅವರು ಏನು ಬೇಡ ಅಂದರೂ ಅದನ್ನು ಬೇಡ ಅಂದದ್ದು ಮಂದಿಯೇ. ಆ ಮಂದಿ ಯಾರು ಎಂದು ನಾಲ್ಕು ವರ್ಷದಲ್ಲಿ ನಾನು ನೋಡಲಿಲ್ಲ.

ನೋಡದೇ ಇದ್ದ ಇನ್ನೊಬ್ಬರೆಂದರೆ ಅವರ ಭಾವನ ಮಗ. ನನ್ನ ಪಕ್ಕದ ಒಂದು ಬೆಡ್‌ರೂಮಿನ ಮನೆ ಖಾಲಿಯಾದಾಗಲೆಲ್ಲ ಈತ ಹುಟ್ಟಿ ಬರುತ್ತಿದ್ದ. ಒಂದು ಸಲ ಆಳಂದದ ಮುಸ್ಲಿಂ ಇಂಜಿನಿಯರೊಬ್ಬರು ಹೆಂಡತಿಯನ್ನು ಕರೆದುಕೊಂಡು ಮನೆ ಕೇಳಲು ಬಂದರು. ಅಕ್ಕೋರು ಅವರನ್ನು ಕೂರಿಸಿ ಚಹಾ ಮಾಡಿಸಿದರು. ನನಗೆ ಪಿಂಗಾಣಿ ಕಪ್ಪು, ಅವರಿಬ್ಬರಿಗೆ ಕಾಗದದ ಕಪ್ಪು. "ಹೊಸಾವು ಅವ್ರಿ, ಯಾರೂ ಕುಡಿದಿಲ್ಲ" ಎಂದು ಅದನ್ನೇ ಒಂದು ಮರ್ಯಾದೆ ಮಾಡಿ ಕೊಟ್ಟರು. ಆಮೇಲೆ ಆ ಹೆಣ್ಣುಮಗಳ ಹೆಗಲಿಂದ ನೂಲು ತೆಗೆದು, "ಭಾವನ ಮಗಾ ಬರ್ತೇನಿ ಅಂದಾನವ್ವ, ನೌಕರಿ ಆರ್ಡರ್ ಇಂದೋ ನಾಳಿಗೋ ಬರ್ತದ. ಅವಂದೊಂದು ಇಲ್ಲದಿದ್ರ ನಿಮಗ ಕೊಡದ ಮತ್ತ ಯಾರಿಗಿ ಕೊಡ್ಲಿ?" ಅಂದರು. ಅವರಿಬ್ಬರೂ ಅಕ್ಕೋರಿಗೆ ಸಲಾಂ ಮಾಡಿ ಹೋದರು. ಆ ಭಾವನ ಮಗನಿಗೆ ನಾನಿದ್ದಾಗಲೇ ಮೊದಲು ಪೊಲೀಸ್ ಇಲಾಖೆಯಲ್ಲಿ, ಆಮೇಲೆ ತೋಟಗಾರಿಕೆಯಲ್ಲಿ, ಆಮೇಲೆ ವಿದ್ಯುತ್ ಇಲಾಖೆಯಲ್ಲಿ ನೌಕರಿಯಾಯಿತು. ನಾನು ನಗುತ್ತಿದ್ದೆ. ಅಣ್ಣನಿಗೆ ಫೋನು ಮಾಡಿ ಹೇಳಿ ಅವನನ್ನೂ ನಗಿಸುತ್ತಿದ್ದೆ. ಈಗ ನೆನೆದರೆ ಆ ನಗುವೇ ಅಸಹ್ಯವೆನಿಸುತ್ತದೆ.

ಬ್ಯಾಂಕಿನಲ್ಲಿ ನನ್ನ ಪಕ್ಕದ ಕಿಟಕಿಯಲ್ಲಿ ಕೂರುವವಳು ಸುನಂದಾ. ಮೂವತ್ತರ ಹುಡುಗಿ, ಚುರುಕು, ನನ್ನನ್ನು ಅಕ್ಕ ಅನ್ನುತ್ತಿದ್ದಳು. ಮಧ್ಯಾಹ್ನ ಇಬ್ಬರೂ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದೆವು. ಊರು ಚೌಡಾಪುರ, ಅಫಜಲಪುರ ತಾಲ್ಲೂಕು. ಮನೆಯಲ್ಲಿ ಅವಳು, ಅವಳ ಅವ್ವ, ಇಬ್ಬರೇ. ದಲಿತರು. ಇದನ್ನು ಬ್ಯಾಂಕಿನಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಅವಳ ಅವ್ವನ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಎರಡು ಸಲ ನಮ್ಮ ಬಡಾವಣೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಚೌಡಾಪುರದಿಂದ ಬಸ್ಸಿನಲ್ಲಿ ಬಂದು, ನಾಲ್ಕು ತಾಸು ಯಂತ್ರಕ್ಕೆ ಕೈಕೊಟ್ಟು ಮಲಗಿ, ಮತ್ತೆ ಅದೇ ಬಸ್ಸಿನಲ್ಲಿ ಹೋಗಬೇಕು. ವಾಪಸು ಹೋಗುವಾಗ ವಾಂತಿಯಾಗುತ್ತಿತ್ತು, ತಲೆ ತಿರುಗಿ ಬೀಳುತ್ತಿದ್ದರು. ಒಮ್ಮೆ ಕಂಡಕ್ಟರ್ ಅವರಿಬ್ಬರನ್ನು ನಡುದಾರಿಯಲ್ಲಿ ಇಳಿಸಿ ಹೋದ. ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಆಸ್ಪತ್ರೆಯ ಹತ್ತಿರವೇ ಒಂದು ಮನೆ ಮಾಡಿ, ಈ ಓಡಾಟ ಈ ಜೀವ ತಡೆಯುವುದಿಲ್ಲ. ಸುನಂದಾ ಬಡಾವಣೆಯ ಬಹಳಷ್ಟು ಗೇಟುಗಳ ಮುಂದೆ ನಿಂತು ಬಂದಿದ್ದಳು. ಎಷ್ಟು ಬಾಡಿಗೆಯಾದರೂ ಕೊಡುತ್ತೇನೆ ಅನ್ನುತ್ತಿದ್ದಳು.

"ಅಕ್ಕ, ನಿಮ್ಮ ಬಾಜೂಕ ಮನಿ ಖಾಲಿ ಅದ ಅಂತಲ್ರಿ. ಅಲ್ಲಿಂದ ದವಾಖಾನಿ ಎರಡು ಗಲ್ಲಿ. ಅವ್ವ ನಡ್ಕೋತ ಹೋಗ್ತಾಳ. ನೀವೊಂದು ಮಾತು ಹೇಳಿದ್ರ ಆಗ್ತದ" ಅಂದಳು.

ಅಕ್ಕೋರಿಗೆ ಹೇಳಿದೆ. ಅಕ್ಕೋರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

"ಯಾರವ್ವ ಅವ್ರು?"

"ನಮ್ಮ ಬ್ಯಾಂಕಿನಾಕಿ ರೀ. ಭಾಳ ಛಲೋ ಹುಡುಗಿ."

"ಅದಲ್ಲ. ಯಾರ ಪೈಕಿ?"

"ಅದೆಲ್ಲ ನಾ ಕೇಳಿಲ್ರಿ" ಅಂದೆ. ಇದು ಈ ಕಥೆಯಲ್ಲಿ ನಾನು ಹೇಳಿದ ಮೊದಲ ಸುಳ್ಳು. ಗೊತ್ತಿದೆ, ಆದರೇನಂತೆ ಅನ್ನಬಹುದಿತ್ತು.

ಅಕ್ಕೋರು ನಕ್ಕರು. "ಇರ್ಲಿ ಬಿಡು. ಎಳ್ಳಮಾಸಿ ಬಂತಲ್ಲ, ಹೊಲಕ್ಕ ಕರ್ಕೊಂಡು ಬಾ. ತಾಯಿನೂ ಬರ್ಲಿ. ಅಲ್ಲೇ ಕುಂತು ಮನಿ ಮಾತು ಆಡಿಬಿಡೂಣು."

ಎಳ್ಳಮಾವಾಸ್ಯೆ ನಮ್ಮ ಭಾಗದಲ್ಲಿ ಹೊಲದ ಹಬ್ಬ. ಬುಟ್ಟಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಮೊದಲು ಭೂಮಿತಾಯಿಗೆ ಚರಗ ಚೆಲ್ಲಿ, ಅಂದರೆ ಎಲ್ಲ ಅಡುಗೆಯಿಂದ ಒಂದೊಂದು ಚೂರು ತೆಗೆದು ಕಲಸಿ ಬೆಳೆಯ ಮೇಲೆ ಬೀರಿ, ಆಮೇಲೆ ಎಲ್ಲರೂ ಗಿಡದ ನೆರಳಲ್ಲಿ ಕೂತು ಉಣ್ಣುತ್ತೇವೆ. ಅಕ್ಕೋರ ಹೊಲ ಅಂದೋಲಾದ ಹತ್ತಿರ. ಪ್ರತಿ ವರ್ಷ ಬಾಡಿಗೆಯವರನ್ನೆಲ್ಲ ಒಂದು ಟೆಂಪೊದಲ್ಲಿ ಹೇರಿಕೊಂಡು ಹೋಗುತ್ತಿದ್ದರು. ಭಜ್ಜಿ, ಅಂದರೆ ಸೊಪ್ಪು ಕಾಳು ತರಕಾರಿ ಎಲ್ಲ ಕೂಡಿಸಿ ಬೇಯಿಸಿದ ಪಲ್ಯ, ಅಕ್ಕೋರ ಮನೆಯದು. ರೊಟ್ಟಿ, ಕಡುಬು, ಹೋಳಿಗೆ ಒಬ್ಬೊಬ್ಬರು ಒಂದೊಂದು. ಬಡಾವಣೆಯಲ್ಲಿ ಯಾವ ಮನೆಯ ಮಾಲೀಕರೂ ಹೀಗೆ ಕರೆಯುವುದಿಲ್ಲ ಎಂದು ನಾವೆಲ್ಲ ಹೆಮ್ಮೆಪಡುತ್ತಿದ್ದೆವು.

ಸುನಂದಾಳ ಅವ್ವ ಸಜ್ಜೆ ರೊಟ್ಟಿ ತಂದಿದ್ದರು. ಡಯಾಲಿಸಿಸ್ ಸೂಜಿ ಚುಚ್ಚುವ ಎಡಗೈಗೆ ಭಾರ ಹಾಕಬಾರದೆಂದು ಡಾಕ್ಟರು ಹೇಳಿದ್ದರು. ಆ ತಾಯಿ ಬೆಳಗಿನ ಜಾವ ಎದ್ದು, ಬಲಗೈ ಒಂದರಲ್ಲೇ ಬಡಿದು ಇಪ್ಪತ್ತೈದು ರೊಟ್ಟಿ ಮಾಡಿದ್ದರು. ಮೇಲೆ ಎಳ್ಳು ಹಚ್ಚಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಬುಟ್ಟಿಯಲ್ಲಿಟ್ಟು ತಂದಿದ್ದರು. ಮುಖ ಬಾತಿತ್ತು, ಉಸಿರು ಹತ್ತಿತ್ತು, ಆದರೂ ಟೆಂಪೊದಲ್ಲಿ ಬುಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. "ಅಕ್ಕೋರಿಗಿ ನಾನೇ ಕೈಯಾರೆ ಕೊಡ್ತೇನ್ರಿ" ಅಂದರು.

ಅಕ್ಕೋರು ಬುಟ್ಟಿಯನ್ನು ಎರಡೂ ಕೈಯಿಂದ ತೆಗೆದುಕೊಂಡು ಬದುವಿನ ಮೇಲಿಟ್ಟರು. ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೈ ನೇವರಿಸಿದರು. ನನಗೆ ಗೊತ್ತಿತ್ತು ಏನು ಕೇಳುತ್ತಾರೆಂದು.

"ನಿಮ್ಮ ಯಜಮಾನ್ರು ಹೋಗಿ ಎಷ್ಟು ವರ್ಷ ಆತವ್ವ?"

"ಹನ್ನೊಂದು ವರ್ಷ ಆತ್ರಿ ಅಕ್ಕೋರೆ."

"ಪಾಪ. ಎಲ್ಲಿ ಇಟ್ಟೀರಿ?"

"ನಮ್ಮ ಕೇರಿ ಹಿಂದ ಹಳ್ಳ ಅದಲ್ರಿ, ಅದರ ದಂಡಿಗಿ ನಮ್ಮವ್ರದ್ದು ಜಾಗಾ ಅದ. ಅಲ್ಲೇ ರೀ."

ಅಕ್ಕೋರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಆ ತಾಯಿಯ ಹೆಗಲ ಮೇಲಿಂದ ನೂಲು ತೆಗೆದು ಗಾಳಿಗೆ ಬಿಟ್ಟರು.

ಊಟಕ್ಕೆ ಇನ್ನೂ ಹೊತ್ತಿತ್ತು. ಅಕ್ಕೋರು ಗಿಡದ ಕೆಳಗೆ ಜಮಖಾನೆ ಹಾಸಿಸಲು ಹೋದರು. ಸುನಂದಾಳ ಅವ್ವ ಬುಟ್ಟಿ ಬಿಚ್ಚಿ ಒಂದು ರೊಟ್ಟಿ ತೆಗೆದು, ಅದರ ಮೇಲೆ ಶೇಂಗಾ ಹಿಂಡಿ ಚಟ್ನಿ ಹಾಕಿ ನನ್ನ ಕೈಯಲ್ಲಿಟ್ಟರು. "ಚರಗ ಆಗೂತನ ಹಸಿದಿರಬ್ಯಾಡವ್ವ. ನೀ ಇಲ್ಲದಿದ್ರ ನಮಗ ಇಲ್ಲಿ ಯಾರದಾರ?" ರೊಟ್ಟಿ ಇನ್ನೂ ಮೆತ್ತಗಿತ್ತು. ನಾನು ಮುರಿಯಬೇಕು ಅನ್ನುವಷ್ಟರಲ್ಲಿ ಗಿಡದ ಕೆಳಗಿಂದ ಅಕ್ಕೋರು ಕೂಗಿದರು.

"ತಂಗಿ, ಈ ಕಡಿ ಬಾ. ನಿನಗ ಜಾಗಾ ಹಿಡಿದೇನಿ."

ಅಷ್ಟೇ. ಅವರು ನನ್ನ ಕೈ ನೋಡುತ್ತಿದ್ದರು. ಉಳಿದ ಮೂರು ಮನೆಯ ಬಾಡಿಗೆಯವರೂ ನೋಡುತ್ತಿದ್ದರು. ನನಗೆ ಮನೆ ನೆನಪಾಯಿತು. ಏಳು ಗೇಟು ನೆನಪಾಯಿತು. ಆ ತಾಯಿ ನೀರಿನ ತಂಬಿಗೆಗಾಗಿ ಆ ಕಡೆ ತಿರುಗಿದ್ದರು. ನಾನು ರೊಟ್ಟಿಯನ್ನು ಮೆಲ್ಲಗೆ ಬುಟ್ಟಿಯಲ್ಲಿ ವಾಪಸು ಇಟ್ಟು, ಬಟ್ಟೆ ಎಳೆದು ಮುಚ್ಚಿ, ಅಕ್ಕೋರ ಪಕ್ಕ ಹೋಗಿ ಕೂತೆ. ಇದಕ್ಕೆ ಯಾರೂ ನನ್ನ ಕುತ್ತಿಗೆ ಹಿಡಿದಿರಲಿಲ್ಲ.

ಆಮೇಲೆ ನಡೆದದ್ದನ್ನು ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಅಕ್ಕೋರು ಎದ್ದುನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು.

"ಈ ಸರ್ತಿ ಚರಗ ಈ ಅವ್ವನ ರೊಟ್ಟಿದು. ಜಡ್ಡಿನಾಗ ಬಡಿದು ತಂದಾಳ. ಭೂಮಿತಾಯಿಗಿ ಇದಕ್ಕಿಂತ ಛಲೋದು ಏನದ? ಎಲ್ಲಾ ಆಕಿಗೇ ಆಗ್ಲಿ."

ಚರಗಕ್ಕೆ ಬೇಕಾದದ್ದು ಚೂರು ಚೂರು. ಹೊಲ ಕಂಡ ಯಾರಿಗಾದರೂ ಇದು ಗೊತ್ತು. ಆದರೆ ಹೊಲ ನೋಡಿಕೊಳ್ಳುವ ಆಳು ಅಕ್ಕೋರು ಹೇಳಿದಂತೆ ಇಪ್ಪತ್ತೈದೂ ರೊಟ್ಟಿ ಮುರಿದು, ಅಂಬಲಿಯಲ್ಲಿ ಕಲಸಿ, ಜೋಳದ ಸಾಲುಗಳ ಮೇಲೆ ಬೀರುತ್ತ ಹೋದ. ನಾನು ವಾಪಸು ಇಟ್ಟದ್ದೂ ಅದರಲ್ಲೇ ಹೋಯಿತು. ಒಂದು ತುತ್ತೂ ಯಾರ ಬಾಯಿಗೂ ಹೋಗಲಿಲ್ಲ. ಬಾಡಿಗೆಯವರಲ್ಲಿ ಒಬ್ಬಾಕೆ ತಲೆ ತಗ್ಗಿಸಿದಳು. ಇನ್ನೊಬ್ಬಾಕೆ, "ಅಕ್ಕೋರ ಬುದ್ಧಿಗೆ ಕೈ ಮುಗಿಯಬೇಕು ನೋಡ್ರಿ" ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು.

ಸುನಂದಾಳ ಅವ್ವ ಬದುವಿನ ಮೇಲೆ ನಿಂತು ಅದನ್ನು ನೋಡುತ್ತಿದ್ದರು. ಅವರ ಕಣ್ಣಲ್ಲಿ ನೀರು ಬಂದಿತ್ತು. ದುಃಖಕ್ಕಲ್ಲ. ಆ ತಾಯಿ ತಮಗೆ ಮರ್ಯಾದೆ ಸಿಕ್ಕಿತು ಎಂದು ತಿಳಿದಿದ್ದರು. ಚೌಡಾಪುರದಲ್ಲಿ ಯಾವ ಗೌಡರ ಹೊಲದಲ್ಲೂ ತಮ್ಮ ಕೈಯಡುಗೆ ಚರಗಕ್ಕೆ ನಡೆದಿರಲಿಲ್ಲ, ಇಲ್ಲಿ ನಡೆಯಿತು ಎಂದು ಸೆರಗು ಮುಂದಕ್ಕೆಳೆದು ಕೈಮುಗಿದರು. "ನನ್ನ ರೊಟ್ಟಿ ಚರಗ ಆತು ಸುನಂದಾ, ಇನ್ನ ನಾ ಸತ್ರೂ ಚಿಂತಿಲ್ಲ ನೋಡು" ಅಂದರು. ಸುನಂದಾ ಖಾಲಿ ಬುಟ್ಟಿಯ ಬಟ್ಟೆಯನ್ನು ಮಡಿಸುತ್ತ ನಿಂತಿದ್ದಳು. ಹೊರಡುವಾಗ ಅಕ್ಕೋರು ಆ ಬುಟ್ಟಿ ತುಂಬ ಹಸಿ ಕಡಲೆ ಗಿಡ ಹಾಕಿಸಿ ಕೊಟ್ಟರು. ಬುಟ್ಟಿ ಬರಿದು ಕಳಿಸಬಾರದಲ್ಲ!

ನಾಲ್ಕು ದಿನಕ್ಕೆ ಅಕ್ಕೋರು ನನ್ನನ್ನು ಕರೆದು ಭಾವನ ಮಗ ಬರುತ್ತಾನೆ ಅಂದರು. ಈ ಸಲ ಅರಣ್ಯ ಇಲಾಖೆ. "ಆಕಿಗಿ ನೀನೇ ತಿಳಿಸಿ ಹೇಳವ್ವ. ಪಾಪ, ಮನಸ್ಸಿಗಿ ಹಚ್ಕೊಂಡಾಳು. ನನ್ನ ಮನಸ್ಸಿನಾಗ ಏನೂ ಇಲ್ಲ." ನಾನು ಹೋಗಿ ಹೇಳಿದೆ. ಆ ಸುಳ್ಳನ್ನು ಅಕ್ಕೋರಿಗಿಂತ ಚೆನ್ನಾಗಿ ಹೇಳಿದೆ. ಭಾವನ ಮಗನಿಗೆ ಹೊಸದಾಗಿ ಮದುವೆಯಾಗಿದೆ ಎಂದು ನನ್ನ ಕಡೆಯಿಂದಲೂ ಒಂದು ಸೇರಿಸಿದೆ.

"ಇರ್ಲಿ ಬಿಡ್ರಿ" ಅಂದಳು ಸುನಂದಾ. "ಅವ್ರರೇ ಏನ್ ಮಾಡ್ತಾರ?"

ಊರಿನ ಇನ್ನೊಂದು ತುದಿಯಲ್ಲಿ, ಎರಡನೇ ಮಹಡಿಯಲ್ಲಿ, ಲಿಫ್ಟ್ ಇಲ್ಲದ ಕಡೆ ಒಂದು ಕೋಣೆ ಹಿಡಿದರು. ಆಸ್ಪತ್ರೆಗೆ ಎರಡು ಆಟೋ ಬದಲಿಸಬೇಕು. ಡಯಾಲಿಸಿಸ್ ಆದ ದಿನ ಸುನಂದಾ ಅವ್ವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲು ಹತ್ತುತ್ತಾಳೆಂದು ಬ್ಯಾಂಕಿನ ಜವಾನ ಹೇಳಿದ. ನನಗೆ ಅವಳು ಹೇಳಲಿಲ್ಲ. ಮಧ್ಯಾಹ್ನ ಅವ್ವನಿಗೆ ಫೋನು ಮಾಡಬೇಕು ಅನ್ನುತ್ತ ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗುತ್ತಿದ್ದಳು. ಅವ್ವನ ಚಿಂತೆ ಪಾಪ ಅಂದುಕೊಂಡು ನಾನು ನನ್ನ ಡಬ್ಬಿ ನಾನೇ ಉಣ್ಣುತ್ತಿದ್ದೆ.

ನನ್ನ ಪಕ್ಕದ ಮನೆ ಎಂಟು ತಿಂಗಳು ಖಾಲಿ ಬಿದ್ದಿತ್ತು. ಒಂದು ದಿನ ತಡೆಯಲಾರದೆ ಅಕ್ಕೋರನ್ನು ಕೇಳಿಯೇಬಿಟ್ಟೆ.

"ಅಕ್ಕೋರೆ, ನಿಮ್ಮ ಭಾವನ ಮಗ ಯಾವಾಗ ಬರ್ತಾನ್ರಿ?"

ಅಕ್ಕೋರು ಸಿಟ್ಟಾಗಲಿಲ್ಲ. ಖುಷಿಯಾಗಿ ನಕ್ಕರು. ನನ್ನ ಹೆಗಲ ಮೇಲೆ ಕೈ ಹಾಕಿದರು. ನೂಲು ತೆಗೆಯಲಿಲ್ಲ. ನನ್ನ ಹತ್ತಿರ ಅದರ ಅಗತ್ಯ ಅವರಿಗಿರಲಿಲ್ಲ.

"ಎಲ್ಲಾ ಗೊತ್ತಿದ್ದೂ ಕೇಳ್ತಿಯಲ್ಲ ತಂಗಿ. ನೀ ಏನ್ ಹೊರಗಿನಾಕಿ ಏನು?"

ಆ ಸಂಜೆ ಮನೆ ಬಿಡಬೇಕೆಂದು ನಿಶ್ಚಯ ಮಾಡಿದೆ. ಮರುದಿನ ಬೇರೆ ಕಡೆಯ ಬಾಡಿಗೆ ವಿಚಾರಿಸಿದೆ. ಅದರ ಮರುದಿನ ನೀರು ಯಾವ ಹೊತ್ತಿಗೆ ಬರುತ್ತದೆಂದು ವಿಚಾರಿಸಿದೆ. ಆಮೇಲೆ ವಿಚಾರಿಸುವುದು ನಿಂತಿತು. ಅಕ್ಕೋರು ಕಳಿಸಿದ ಹೋಳಿಗೆಯನ್ನು ಯಾವತ್ತೂ ವಾಪಸು ಕಳಿಸಲಿಲ್ಲ. ಅವರನ್ನು ಕಂಡರೆ ಮೈ ಮುದುಡುತ್ತಿತ್ತು, ಬಾಯಿ ಮಾತ್ರ "ಭಾಳ ರುಚಿ ಆಗ್ಯಾವ್ರಿ" ಅನ್ನುತ್ತಿತ್ತು.

ಕಳೆದ ತಿಂಗಳು ಅಕ್ಕೋರು ಮಧ್ಯಾಹ್ನ ಮಲಗಿದಲ್ಲೇ ಹೋದರು. ಸೊಲ್ಲಾಪುರದಿಂದ ಮಗಳು ಬಂದಳು. ಅಂದೋಲಾದ ಹೊಲದಲ್ಲಿ ಕುಳ್ಳಿರಿಸಿ ಮಣ್ಣು ಕೊಟ್ಟರು. ಹಳೆಯ ವಿದ್ಯಾರ್ಥಿನಿಯರು ಟೆಂಪೊ ಮಾಡಿಕೊಂಡು ಬಂದು ಅತ್ತರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಕಣ್ಣಲ್ಲಿ ನೀರು ಬರಲಿಲ್ಲ, ಬಾರದ್ದಕ್ಕೆ ನಾಚಿಕೆಯೂ ಆಗಲಿಲ್ಲ. ಎಲ್ಲ ಮುಗಿದ ಮೇಲೆ ಮಗಳು ಬೀಗದ ಕೈಗಳ ಗೊಂಚಲನ್ನು ನನಗೆ ಕೊಟ್ಟಳು.

"ಅಕ್ಕ, ನನಗ ಇಲ್ಲಿಂದು ಏನೂ ತಿಳಿಯಂಗಿಲ್ರಿ. ಬಾಜೂಕಿನ ಮನಿ ಮತ್ತ ಖಾಲಿ ಅದ. ನೀವೇ ಛಲೋ ಮಂದಿ ನೋಡಿ ಕೊಟ್ಟುಬಿಡ್ರಿ. ನಾ ಯಾರು ಏನು ಅಂತ ಕೇಳಂಗಿಲ್ಲ."

ಆ ರಾತ್ರಿಯೆಲ್ಲ ನನಗೆ ನಿದ್ದೆ ಬರಲಿಲ್ಲ, ಸಂತೋಷಕ್ಕೆ. ಸುನಂದಾಳ ಅವ್ವ ಇನ್ನೂ ಇದ್ದಾರೆ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ಎರಡು ಗಲ್ಲಿ ದಾಟಿದರೆ ಆಸ್ಪತ್ರೆ. ಈ ಒಂದು ಕೆಲಸ ಮಾಡಿಬಿಟ್ಟರೆ ನನ್ನ ಎದೆಯ ಮೇಲಿನದು ಇಳಿಯುತ್ತದೆ ಅಂದುಕೊಂಡೆ. ಬೆಳಿಗ್ಗೆ ಗಿರಾಕಿಗಳಿಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ಅವಳ ಕಿಟಕಿಯ ಹತ್ತಿರ ನಿಂತೆ.

"ಸುನಂದಾ, ಮನಿ ಸಿಕ್ತು. ನನ್ನ ಬಾಜೂಕಿಂದೇ. ಚಾವಿ ನನ್ನ ಕೈಯಾಗ ಅದ. ಯಾರನ್ನೂ ಕೇಳೂದಿಲ್ಲ. ನಾಳಿಗೇ ಅವ್ವನ್ನ ಕರ್ಕೊಂಡು ಬಾ."

ಅವಳು ಚಾವಿ ನೋಡಿದಳು.

"ಬ್ಯಾಡ್ರಿ" ಅಂದಳು.

"ಅಕ್ಕೋರು ಈಗ ಇಲ್ಲಲ್ಲ ಸುನಂದಾ."

"ಅಕ್ಕೋರ ಸಲುವಾಗಿ ಬ್ಯಾಡ ಅನ್ನಾಕತ್ತಿಲ್ರಿ ನಾ. ಅವ್ರು ಎಂಥವ್ರು ಅಂತ ಹೊಲಕ್ಕ ಹೊಂಟ ದಿನ ಗೇಟಿನಾಗೇ ಗೊತ್ತಾಗಿತ್ತು. ಅಂಥವ್ರನ್ನ ನೋಡ್ಕೋತಲೇ ಬೆಳೆದೇನಿ." ಅವಳ ದನಿ ಏರಲಿಲ್ಲ. "ಅವತ್ತ ಅವ್ವ ಕೊಟ್ಟ ರೊಟ್ಟಿ ನೀವು ಬುಟ್ಟ್ಯಾಗ ತಿರುಗಿ ಇಟ್ರಿ. ನಾ ನೋಡೇನಿ. ಅವ್ವ ನೋಡ್ಲಿಲ್ಲ, ಪುಣ್ಯ ನಂದು. ಆಕಿ ಇನ್ನೂ ಓಣ್ಯಾಗ ಎಲ್ಲಾರಿಗಿ ಹೇಳ್ತಾಳ, ನನ್ನ ರೊಟ್ಟಿ ಚರಗ ಆತು ಅಂತ. ನಿಮ್ಮ ಹೆಸರೂ ಹೇಳ್ತಾಳ."

ನಾನು ಚಾವಿಯನ್ನು ಅವಳ ಮುಂದೆ ಮೇಜಿನ ಮೇಲಿಟ್ಟೆ.

"ಇಲ್ಲಿ ದಿನಾ ನಿಮ್ಮ ಬಾಜೂಕ ಕುಂದರ್ತೇನಿ. ನೌಕರಿ ಅದ, ಕುಂದರ್ಬೇಕು. ಮನಿಗಿ ಹೋದ ಮ್ಯಾಲೂ ನಿಮ್ಮ ಬಾಜೂಕ ಇರಂದ್ರ ನನ್ನಿಂದ ಆಗಂಗಿಲ್ರಿ. ಅವ್ವನ್ನ ಹೊತ್ಕೊಂಡು ಮೆಟ್ಟಲ ಹತ್ತೂದು ರೂಢಿ ಆಗ್ಯದ."

ಅಷ್ಟರಲ್ಲಿ ಜವಾನ ಬಾಗಿಲು ತೆಗೆದ. ಸುನಂದಾ ಚಾವಿಯನ್ನು ನನ್ನ ಕಡೆ ಸರಿಸಿ, ಸಾಲಿನಲ್ಲಿ ಮೊದಲು ನಿಂತ ಅಜ್ಜನನ್ನು ಬರ್ರಿ ಎಂದು ಕರೆದಳು.